ಕಟಾವಿಗೆ ಮೊದಲು ಒಂದು ಓಟ

ಕ್ಯಾಮೆರಾಕ್ಕೆ ದಿನಕ್ಕೆ ಎರಡು ಸಾವಿರ ಬಾಡಿಗೆ. ಶಬ್ದ ಹಿಡಿಯುವ ಪುಟ್ಟ ರೆಕಾರ್ಡರಿಗೆ ಐನೂರು ಅಂದಿದ್ದ ಸ್ಟುಡಿಯೋದ ಸಿದ್ದೇಶ, ಕೊನೆಗೆ ನಮ್ಮನೆಯ ಒಂದು ನಾಟಿ ಹುಂಜಕ್ಕೆ ಒಪ್ಪಿದ. ಮಕ್ಕಳ ಊಟ ನಮ್ಮನೆಯದೇ, ಅದಕ್ಕೆ ಲೆಕ್ಕವಿಲ್ಲ. ಇವೆಲ್ಲ ಕೊಡಬಹುದಾದ ಖರ್ಚು. ಕೊಡಲಾಗದ್ದು ಒಂದೇ, ಕಬ್ಬಿನ ಕಟಾವಿನ ಸರದಿ. ಕಡಿಯುವ ಗುಂಪು ಬಂದ ದಿನ ಬೇಡ ಅಂದರೆ ಅವರು ಮುಂದಿನ ಊರಿಗೆ ಹೋಗುತ್ತಾರೆ. ಅವರು ತಿರುಗಿ ಬರುವ ಹೊತ್ತಿಗೆ ಕಬ್ಬು ಒಣಗಿ ತೂಕ ಕಳೆದುಕೊಂಡಿರುತ್ತದೆ.

ನನ್ನ ಮಗಳು ನಾಗಶ್ರೀ ದುದ್ದದಿಂದ ಬಸ್ಸು ಹಿಡಿದು ಮಂಡ್ಯದ ಕಾಲೇಜಿಗೆ ಹೋಗುತ್ತಿದ್ದಳು. ಕೊನೆಯ ಸೆಮಿಸ್ಟರಿಗೆ ಒಂದು ಕಿರುಚಿತ್ರ ಮಾಡಿ ಒಪ್ಪಿಸಬೇಕು, ಇಲ್ಲದಿದ್ದರೆ ಫೇಲು. ಅವಳ ಗುಂಪಿನ ಹುಡುಗರು ಮುತ್ತತ್ತಿಗೆ ಹೋಗಿ ಹೊಳೆ ದಡದಲ್ಲಿ ಲವ್ ಸ್ಟೋರಿ ತೆಗೆಯೋಣ ಅಂದರು. ಇವಳು ಥ್ರಿಲ್ಲರೇ ಆಗಬೇಕು ಅಂತ ಕೂತಳು. ಕಬ್ಬಿನ ಗದ್ದೆಯೊಳಗೆ ಒಂದು ಹುಡುಗಿ ಓಡುತ್ತಾಳೆ. ಮುಖಕ್ಕೆ ಟವೆಲ್ ಸುತ್ತಿಕೊಂಡ ಯಾರೋ ಮಚ್ಚು ಹಿಡಿದು ಅಟ್ಟಿಸಿಕೊಂಡು ಬರುತ್ತಾರೆ. ಕೊನೆಗೆ ಟವೆಲ್ ಜಾರಿದಾಗ ನೋಡಿದರೆ ಅವಳ ಸ್ವಂತ ಅತ್ತೆ! ಹುಡುಗರು ನಕ್ಕು ಬೇರೆ ಗುಂಪು ಕಟ್ಟಿಕೊಂಡರು. ಇವಳ ಜೊತೆ ಉಳಿದವರು ಇಬ್ಬರು. ಓಡುವ ಹುಡುಗಿ ಶೋಭಿತಾ, ಕ್ಯಾಮೆರಾ ಹಿಡಿಯುವ ಅಪ್ಪು.

ಅಪ್ಪು ಮಳವಳ್ಳಿಯವನು. ನಮ್ಮನೆಗೆ ಬಂದರೆ ಮೊದಲು ಅಡುಗೆಮನೆಗೆ ನುಗ್ಗಿ ಪಾತ್ರೆಯ ಮುಚ್ಚಳ ಎತ್ತಿ ನೋಡುವಷ್ಟು ಸಲಿಗೆ ಅವನಿಗಿತ್ತು.

ಸಿದ್ದೇಶನದು ಮದ್ದೂರಿನಲ್ಲಿ ಸ್ಟುಡಿಯೋ, ಮದುವೆ ವಿಡಿಯೋ ತೆಗೆಯುವ ಕೆಲಸ. ಹುಂಜ ಹಿಡಿದುಕೊಂಡು ನಾನೂ ಮಕ್ಕಳ ಜೊತೆ ಹೋಗಿದ್ದೆ. ಅವನು ಅಪ್ಪುವಿಗೆ ಗುಂಡಿಗಳನ್ನೆಲ್ಲ ತೋರಿಸಿದ. ಒಮ್ಮೆ ಒತ್ತಿದರೆ ಶುರು, ಇನ್ನೊಮ್ಮೆ ಒತ್ತಿದರೆ ನಿಲ್ಲುತ್ತದೆ. ಹಗಲಲ್ಲೇ ತೆಗೆದು, ಬೆಳಕು ಇಳಿಸಿ, ನೀಲಿ ಬಣ್ಣ ಕೊಟ್ಟರೆ ರಾತ್ರಿಯಂತೆ ಕಾಣುತ್ತದೆ ಅಂತಲೂ ಹೇಳಿಕೊಟ್ಟ. ಕ್ಯಾಮೆರಾದ ಮೇಲೆ ಒಂದು ಕಡೆ ಕಪ್ಪು ಟೇಪು ಅಂಟಿಸಿತ್ತು.

"ಇದ್ಯಾಕಣ್ಣ?" ಅಂದ ಅಪ್ಪು.

"ರೆಕಾರ್ಡ್ ಆಗ್ತಾ ಇದ್ರೆ ಅಲ್ಲಿ ಕೆಂಪು ದೀಪ ಉರಿತದೆ ಕಣಪ್ಪ. ಪಂಕ್ತೀಲಿ ಕೂತೋರು ಅದನ್ನ ಕಂಡ್ರೆ ತುತ್ತ ಬಾಯತ್ರ ಇಟ್ಕಂಡು ಅಂಗೇ ಬೊಂಬೆ ತರ ಕೂತ್ಬುಡ್ತಾರೆ. ಅದಕ್ಕೇ ಮುಚ್ಚಿವ್ನಿ. ಕಿತ್ತಾಕಬ್ಯಾಡ, ಶುಕ್ರವಾರ ಮದ್ವೆ ಐತೆ ನಂಗೆ."

ನಾವು ಮನೆಗೆ ಬಂದಾಗ ಕಟಾವು ಮೇಸ್ತ್ರಿ ಕೆಂಪಸಿದ್ದಯ್ಯ ಜಗಲಿಯ ಮೇಲೆ ಕೂತಿದ್ದ.

"ನಾಳೆ ವತ್ತಾರೆಗೆ ಬತ್ತೀವಿ ಕಣಕ್ಕ."

"ಎಲ್ಡು ದಿನ ತಡ್ಕಳಪ್ಪ, ನಮ್ಮುಡುಗಿ ಸಿನಿಮಾ ತೆಗೀತಾಳೆ."

"ಸಿನಿಮಾ ಅಂತ ಲಾರಿ ನಿಂತ್ಕತದಾ? ಬ್ಯಾಡ ಅಂದ್ರೆ ಬುಡು, ನಾವು ಮುಂದಕ್ಕೋಯ್ತೀವಿ."

"ಓಗೋದ್ಯಾಕೆ, ಕಾಪಿ ಕುಡಿ ಮೊದ್ಲು. ನಾಲೆ ಕಡೆಯಿಂದ ಕಡ್ಕಂಡು ಬನ್ನಿ. ಹುಣಸೆಮರದ ಕಡೆ ಕೊನೇಗಿರ್ಲಿ. ನೀವು ಅಲ್ಲಿಗೆ ಬರೋದ್ರೊಳಗೆ ಇವರದ್ದು ಮುಗೀತದೆ."

ಅವನು ಕಾಫಿ ಕುಡಿದು ಒಪ್ಪಿದ. ನಾಗಶ್ರೀ ಮಾತ್ರ ಉಗುರು ಕಚ್ಚುತ್ತ ನಿಂತಿದ್ದಳು. ಎರಡು ದಿನದ ಕೆಲಸ ಈಗ ಒಂದು ಹಗಲಿನಲ್ಲಿ ಆಗಬೇಕು. ಗದ್ದೆ ಬೋಳಾದ ಮೇಲೆ ಓಡುವ ಹುಡುಗಿಗೆ ಅಡಗುವ ಜಾಗವೂ ಇಲ್ಲ, ಕಥೆಯೂ ಇಲ್ಲ.

ಅತ್ತೆಯ ವೇಷಕ್ಕೆ ಬೇರೆ ಯಾರೂ ಸಿಗಲಿಲ್ಲ. ನಾನೇ ಸೀರೆ ಎತ್ತಿ ಕಟ್ಟಿ, ಮುಖಕ್ಕೆ ಟವೆಲ್ ಸುತ್ತಿ, ಮಚ್ಚು ಹಿಡಿದು ಹೊರಟೆ. ನನ್ನ ಗಂಡ ಚಿಕ್ಕಮಾದು ಹಸು ಬಿಚ್ಚುತ್ತ ನೋಡಿ, "ಇವತ್ತು ಯಾರ ಸರದೀನೆ? ನನ್ನ ಮಧ್ಯಾನ್ನದ ಊಟ ಆದ್ಮೇಲೆ ಕೊಲ್ಲು ಕಣಮ್ಮಿ" ಅಂದ.

ನಾಗಶ್ರೀ ರೆಕಾರ್ಡರನ್ನು ನನ್ನ ಸೊಂಟಕ್ಕೆ ಸಿಕ್ಕಿಸಿ ಗುಂಡಿ ಒತ್ತಿದಳು. "ಸಂಜೆ ತಂಕ ಮುಟ್ಬೇಡವ್ವ. ನಿನ್ನ ಉಸ್ರು ಬೇಕು ನಂಗೆ." ನಾನು ಮುಟ್ಟಲಿಲ್ಲ. ಅಪ್ಪು ಚೀಲದಿಂದ ಕ್ಯಾಮೆರಾ ಎತ್ತಿಕೊಂಡ. ನಾವು ಕಬ್ಬಿನೊಳಗೆ ನುಗ್ಗಿದೆವು.

ಒಳಗೆ ಗಾಳಿ ಆಡುವುದಿಲ್ಲ. ಗರಿ ಮುಖಕ್ಕೆ ತಾಗಿದರೆ ಬ್ಲೇಡಿನಂತೆ ಕುಯ್ಯುತ್ತದೆ. ಶೋಭಿತಾ ಓಡಿದಳು, ನಾನು ಓಡಿದೆ, ಅಪ್ಪು ಬಗ್ಗಿಕೊಂಡು ಕ್ಯಾಮೆರಾ ಹಿಡಿದು ಓಡಿದ. "ಆ್ಯಕ್ಷನ್" ಅಂದಾಗ ಅವನು ಗುಂಡಿ ಒತ್ತುತ್ತಿದ್ದ, "ಕಟ್" ಅಂದಾಗ ಮತ್ತೆ ಒತ್ತುತ್ತಿದ್ದ. ಬಿಸಿಲಿಗೆ ಕ್ಯಾಮೆರಾದ ಪರದೆ ರೊಟ್ಟಿ ಹೆಂಚಿನಂತೆ ಕಪ್ಪಗೆ ಕಾಣುತ್ತಿತ್ತು. ಕಡಿಯುವವರ ಮಚ್ಚಿನ ಸದ್ದು ಮೊದಲು ನಾಲೆಯ ಕಡೆಯಿಂದ ಸಣ್ಣಗೆ ಕೇಳುತ್ತಿತ್ತು. ಬರಬರುತ್ತ ಹತ್ತಿರವಾಯಿತು. ಒಂದೊಂದು ಸಲ ನಾವು ತಿರುಗಿ ಬರುವಷ್ಟರಲ್ಲಿ ಹಿಂದಿನ ಸಲ ಓಡಿದ ಸಾಲೇ ಇರುತ್ತಿರಲಿಲ್ಲ, ಅಲ್ಲಿ ಆಕಾಶ ಕಾಣುತ್ತಿತ್ತು.

ಮಧ್ಯಾಹ್ನ ಶೋಭಿತಾಳ ಕೆನ್ನೆಯನ್ನು ಗರಿ ಗೀರಿತು. ಅವಳು ಅಳುತ್ತ ಕೂತಳು. ನಾನು ಸೆರಗಿನಿಂದ ರಕ್ತ ಒರೆಸುತ್ತಿದ್ದೆ. ಹಿಂದೆ ಅಪ್ಪು, ನಾಗಶ್ರೀ ಏನೋ ಮಾತಾಡಿಕೊಂಡರು. ಕಡಿಯುವ ಹೆಂಗಸರು ಹಾಡುತ್ತಿದ್ದ ಪದದ ನಡುವೆ ನನಗದು ಕಿವಿಗೆ ಬೀಳಲಿಲ್ಲ. ಆಮೇಲೆ ನೆನಪಾಗಿ ನಾಗಶ್ರೀ "ಕಟ್" ಅಂದಳು, ಅಪ್ಪು ಗುಂಡಿ ಒತ್ತಿದ. ಅಷ್ಟರಲ್ಲಿ ಅತ್ತ ಕಡೆಯಿಂದ "ಹಂದಿ! ಹಂದಿ! ನುಗ್ತು!" ಅಂತ ಕೂಗು. ಕಬ್ಬು ಲಟಲಟ ಮುರಿಯುವ ಸದ್ದು ನಮ್ಮ ಕಡೆಗೇ ಬಂತು. ಎಲ್ಲರೂ ದಿಕ್ಕಾಪಾಲಾಗಿ ಓಡಿದೆವು. ಶೋಭಿತಾ ಬಿದ್ದಳು, ಎದ್ದಳು, ಚಪ್ಪಲಿ ಬಿಟ್ಟು ಓಡಿದಳು. ಕ್ಯಾಮೆರಾ ಎದೆಯ ಮುಂದೆ ಹಿಡಿದುಕೊಂಡೇ ಅಪ್ಪು ಅವಳ ಹಿಂದೆ ಓಡಿದ. ಹಂದಿ ಪಕ್ಕದ ಭತ್ತದ ಗದ್ದೆಗೆ ಹಾರಿ ಹೋಯಿತು. ನಾವು ಹುಣಸೆಮರದ ಕೆಳಗೆ ಕೂತು ನಕ್ಕೆವು. ನೀರು ಕುಡಿದು, ಟವೆಲ್ ಜಾರುವ ಕೊನೆಯ ದೃಶ್ಯ ಮುಗಿಸಿದೆವು. ಸಂಜೆಗೆ ಗದ್ದೆ ಬೋಳಾಗಿತ್ತು. ಲಾರಿ ಕಬ್ಬು ತುಂಬಿಕೊಂಡು ಹೋಯಿತು.

ಮನೆಯಲ್ಲಿ ಲ್ಯಾಪ್‌ಟಾಪಿಗೆ ಹಾಕಿ ನೋಡಿದರು. ಮೊದಲು ಅಪ್ಪುವಿನ ಚಪ್ಪಲಿ ಕಂಡಿತು. ಆಮೇಲೆ ನೆಲ, ತರಗು. ಕಬ್ಬಿನ ಬುಡ ಅಲ್ಲಾಡುತ್ತಿತ್ತು. ನಾಗಶ್ರೀಯ ದನಿ "ಆ್ಯಕ್ಷನ್" ಅಂದದ್ದೇ ಚಿತ್ರ ಕಟ್ಟಾಯಿತು. "ಕಟ್" ಅಂದ ಮೇಲೆ ಮತ್ತೆ ನೆಲ, ಮತ್ತೆ ಚಪ್ಪಲಿ. ಬೆಳಿಗ್ಗೆ ಚೀಲದಿಂದ ಎತ್ತುವಾಗಲೇ ಅವನ ಹೆಬ್ಬೆರಳು ಗುಂಡಿಯ ಮೇಲೆ ಬಿದ್ದಿತ್ತು. ಅಲ್ಲಿಂದ ಇಡೀ ದಿನ ಶುರುವೆಲ್ಲ ನಿಲುಗಡೆ, ನಿಲುಗಡೆಯೆಲ್ಲ ಶುರು. ತೋರಿಸಬೇಕಾದ ದೀಪದ ಮೇಲೆ ಟೇಪು.

"ಒಂದು ಗುಂಡಿ ಒತ್ತಕ್ಕೆ ಬರ್ದವ್ನು ಕ್ಯಾಮೆರಾ ಯಾಕ್ಲಾ ಹಿಡ್ಕಂಡೆ?" ಅಂದಳು ನಾಗಶ್ರೀ. "ನಿನ್ನ ನಂಬ್ಕಂಡು ನಾನು ಕೆಟ್ಟೆ. ಆ ಹುಡುಗ್ರು ನಿನ್ನ ದಂಡಪಿಂಡ ಅಂದಿದ್ದು ಸರಿಯಾಗೇ ಐತೆ."

ಅಪ್ಪು ಅವಳನ್ನೊಮ್ಮೆ ನೋಡಿದ. ಚೀಲ ಹೆಗಲಿಗೆ ಹಾಕಿಕೊಂಡ.

"ಲೇ ಅಪ್ಪು, ಉಂಡ್ಕಂಡು ಓಗ್ಲಾ," ಅಂದೆ.

"ಬ್ಯಾಡ ಕಣಮ್ಮ, ಬಸ್ಸು ತಪ್ಪೋಯ್ತದೆ."

ಅವನು ಹೋದ ಮೇಲೆ ನಾನು ಮಗಳಿಗೆ, "ಅತ್ತಿದ್ದು ಸಾಕು. ಗದ್ದೆ ತಿರುಗ ಬೆಳಿಯಕ್ಕೆ ವರ್ಷ ಬೇಕು. ಇರೋದ್ರಲ್ಲಿ ಏನಾಗ್ತದೆ ನೋಡು" ಅಂದೆ.

ಮರುದಿನ ಮದ್ದೂರಿಗೆ ಹೋದೆವು. ಸಿದ್ದೇಶ ತನ್ನ ಕಂಪ್ಯೂಟರ್ ಬಿಟ್ಟುಕೊಟ್ಟ. ಚಿತ್ರ ಕತ್ತರಿಸುವುದು, ಜೋಡಿಸುವುದು ಹೇಗೆ ಅಂತ ತೋರಿಸಿದ. ಅದರಲ್ಲಿ ಒಂದು ದೃಶ್ಯದಿಂದ ಇನ್ನೊಂದಕ್ಕೆ ಹೋಗುವಾಗಲೆಲ್ಲ ಗುಲಾಬಿ ಎಸಳು ಉದುರುತ್ತಿದ್ದವು. ಅದನ್ನು ನಿಲ್ಲಿಸುವುದನ್ನು ಕಲಿಯುವುದಕ್ಕೇ ನಾಗಶ್ರೀಗೆ ಅರ್ಧ ದಿನ ಹಿಡಿಯಿತು. ಶೋಭಿತಾ ಹಂದಿಗೆ ಹೆದರಿ ಓಡಿದ್ದು ಪೂರ್ತಿ ಚಿತ್ರವಾಗಿತ್ತು. ಬಿದ್ದು ಎದ್ದದ್ದು, ಬಿಟ್ಟ ಚಪ್ಪಲಿ, ಕೆನ್ನೆಯ ರಕ್ತ ಎಲ್ಲವೂ ಇತ್ತು. ಸದ್ದಿನಲ್ಲಿ ಮಾತ್ರ "ಹಂದಿ, ಹಂದಿ" ಅಂತ ಊರೇ ಕೂಗುತ್ತಿತ್ತು.

"ಆ ಸದ್ದು ತೆಗ್ದಾಕು, ರೆಕಾರ್ಡರಿಂದು ಹಾಕು," ಅಂದ ಸಿದ್ದೇಶ.

ರೆಕಾರ್ಡರಿನಲ್ಲಿ ಇಡೀ ದಿನವಿತ್ತು. ನನ್ನ ಏದುಸಿರು, ಹೆಜ್ಜೆ, ಹತ್ತಿರವಾಗುವ ಮಚ್ಚಿನ ಸದ್ದು. ನಾಗಶ್ರೀ ಹೆಡ್‌ಫೋನ್ ಹಾಕಿಕೊಂಡು ಬೇಕಾದ್ದನ್ನು ಹುಡುಕುತ್ತಿದ್ದಳು. ಮಧ್ಯಾಹ್ನದ ಭಾಗಕ್ಕೆ ಬಂದಾಗ ಅವಳ ಕೈ ನಿಂತಿತು. ಹಿಂದಕ್ಕೆ ಹೋಗಿ ಮತ್ತೆ ಕೇಳಿದಳು. ಆಮೇಲೆ ಹೆಡ್‌ಫೋನ್ ತೆಗೆದು ನನ್ನ ಕಿವಿಗಿಟ್ಟಳು.

ಅಪ್ಪುವಿನ ದನಿ: "ಲೇ, ಒಂದ್ಸಲ ಹಾಕಿ ನೋಡಣ ಕಣೆ. ಯಾಕೋ ನಂಗೆ ಅನುಮಾನ."

ಮಗಳ ದನಿ: "ಬ್ಯಾಟ್ರಿ ಒಂದೇ ಇರೋದು. ಅವ್ರು ಕಡ್ಕಂಡು ಮೈಮೇಲೆ ಬತ್ತಾ ಅವ್ರೆ. ನೋಡ್ತಾ ಕೂತ್ರೆ ಸಿನಿಮಾ ಆಗಲ್ಲ. ನೀನು ಸುಮ್ಕೆ ತೆಗಿ."

ಅವಳು ಫೋನು ಹಿಡಿದು ಹೊರಗೆ ರಸ್ತೆಗೆ ಹೋದಳು. ಬಸ್ಸಿನ ಸದ್ದಿನಲ್ಲಿ ಒಂದು ಕಿವಿ ಮುಚ್ಚಿಕೊಂಡು ಅಪ್ಪು ಜೊತೆ ಮಾತಾಡಿದಳು. ಒಳಗೆ ಬಂದಳು. ಅವಳೇ ಹೇಳಿದಳು: "ತಪ್ಪಾಯ್ತು ಅಂದೆ ಕಣವ್ವ. ಬುಡು, ಆಗಿದ್ದಾಯ್ತು ಅಂದ. ಬಾರೋ, ಜೋಡ್ಸಣ ಅಂದೆ. ಮನೇಲಿ ಕೆಲ್ಸ ಐತೆ ಅಂದ."

"ನಿನ್ನ ಮಾತು ಕೇಳಿ ನೋಡದೆ ತೆಗ್ದೆ ಅಂತ ಅವತ್ತೇ ಅನ್ಬೋದಿತ್ತು ಅವನು," ಅಂದೆ.

"ಅದೇ ನಂಗೆ ತಡ್ಕಳಕ್ಕೆ ಆಗ್ತಿಲ್ಲ," ಅಂದು ಅವಳು ಮತ್ತೆ ಕಂಪ್ಯೂಟರ್ ಮುಂದೆ ಕೂತಳು.

ಚಿತ್ರವನ್ನು ಅವಳು ಹೀಗೆ ಕಟ್ಟಿದಳು. ಹುಡುಗಿ ಓಡುತ್ತಾಳೆ, ಹಿಂದೆ ಏದುಸಿರು ಕೇಳುತ್ತದೆ, ಮಚ್ಚಿನ ಸದ್ದು ಹತ್ತಿರವಾಗುತ್ತದೆ. ಅಟ್ಟಿಸಿಕೊಂಡು ಬರುವವರು ಕೊನೆಯವರೆಗೂ ಕಾಣುವುದಿಲ್ಲ, ಯಾರೆಂದು ತಿಳಿಯುವುದೂ ಇಲ್ಲ. ಕೊಡಬೇಕಾದ ದಿನಕ್ಕೆ ಕೊಟ್ಟಳು. ಶುರುವಿನಲ್ಲಿ ಬರುವ ಹೆಸರುಗಳಲ್ಲಿ ಮೊದಲನೆಯದು ಅಪ್ಪುವಿನದು, ಅವಳದು ಕೊನೆಗೆ.

ಮಂಡ್ಯದಲ್ಲಿ ಕಾಲೇಜಿನವರು ಎಲ್ಲರ ಚಿತ್ರ ತೋರಿಸಿದ ದಿನ ಅಪ್ಪು ಬಂದಿದ್ದ, ಹಿಂದಿನ ಸಾಲಿನಲ್ಲಿ ಕೂತಿದ್ದ. ಮುಗಿದ ಮೇಲೆ ನಾಗಶ್ರೀ ಹತ್ತಿರ ಹೋದಳು. "ಚೆನ್ನಾಗೈತೆ," ಅಂದ, ಅಷ್ಟೇ.

"ಭಾನುವಾರ ಬಾರ್ಲಾ, ಉಪ್ಸಾರು ಮಾಡ್ತೀನಿ," ಅಂದೆ ನಾನು.

"ಬತ್ತೀನಿ ಕಣಮ್ಮ," ಅಂದು ಮಳವಳ್ಳಿ ಬಸ್ಸು ಹತ್ತಿದ.

ಬಹುಮಾನ ಮುತ್ತತ್ತಿಯ ಲವ್ ಸ್ಟೋರಿಗೆ ಹೋಯಿತು. ನಾಗಶ್ರೀ ಪಾಸಾದಳು. ಚಿತ್ರ ಕತ್ತರಿಸಲು, ಸದ್ದು ಕೂಡಿಸಲು ಕಲಿತಳು. ಈಗ ಸಿದ್ದೇಶನ ಮದುವೆ ವಿಡಿಯೋಗಳನ್ನು ಅವಳೇ ಜೋಡಿಸುತ್ತಾಳೆ, ಗುಲಾಬಿ ಎಸಳಿಲ್ಲದೆ. ಕಬ್ಬು ಸರದಿಯ ದಿನವೇ ಹೋದ್ದರಿಂದ ತೂಕ ಕಳೆದುಕೊಳ್ಳಲಿಲ್ಲ. ಆ ಸಿನಿಮಾದಲ್ಲಿ ನನ್ನ ಉಸಿರಿದೆ, ಮುಖವಿಲ್ಲ. ಅಪ್ಪು ಆಮೇಲೆ ನಮ್ಮನೆಗೆ ಬಂದಿಲ್ಲ.