ಲಿಂಗರಾಜುವಿನ ತೊಟ್ಟಿಲು, ಹಲ್ಲಿನ ಸೆಟ್ಟು ಇತ್ಯಾದಿ

ನನ್ನ ತಮ್ಮ ಲಿಂಗರಾಜು ಒಳ್ಳೆಯವನು. ಅದೇ ಅವನ ರೋಗ. ಹಾರನಹಳ್ಳಿಯಲ್ಲಿ ಮನೆಗೆ ಮೊದಲು ಕಂಪ್ಯೂಟರ್ ತಂದವನು ಅವನೇ. ಇಂಟರ್‌ನೆಟ್ಟೂ ಹಾಕಿಸಿದ. ಎರಡು ಸಾವಿರದ ಒಂಬತ್ತರ ಹೊತ್ತಿಗೆ ಅದು ನಮ್ಮದಾಗಿ ಉಳಿದಿರಲಿಲ್ಲ. ಒರಳುಕಲ್ಲು ಬಳಸಿದ ಹಾಗೆ ಊರೆಲ್ಲ ಬಳಸುತ್ತಿತ್ತು. "ಲಿಂಗರಾಜಣ್ಣ, ಒಸಿ ನೋಡ್ಕೊಡು" ಎಂದು ಬಂದವರಿಗೆಲ್ಲ ಇವನು ತನ್ನ ಹೆಸರಲ್ಲೇ ಹುಡುಕಿ ಕೊಡುತ್ತಿದ್ದ. ಯಾರು ಏನು ನೋಡಿದರೆಂದು ಮಾತ್ರ ಯಾರ ಹತ್ತಿರವೂ ಬಾಯಿ ಬಿಡುತ್ತಿರಲಿಲ್ಲ.

ಆದರೆ ನನಗೂ ಕಣ್ಣಿದೆಯಲ್ಲ. ನಮ್ಮವ್ವ ಹಲ್ಲಿನ ಸೆಟ್ಟು ನೋಡಿದಳು. ಪಕ್ಕದ ಮನೆ ಸೊಸೆ ರಾಣಿ ತೊಟ್ಟಿಲು ನೋಡಿದಳು. ಮೂರು ತಿಂಗಳು ತುಂಬುವ ತನಕ ಅತ್ತೆ ಬೀರಮ್ಮನಿಗೂ ಹೇಳಕೂಡದೆಂದು ಅವಳ ತವರಿನವರ ಕಟ್ಟಪ್ಪಣೆ. ಇನ್ನು ಊರ ಯಜಮಾನರು ಅಣ್ಣಯ್ಯನವರು. ಹೆಂಡತಿ ತೀರಿಕೊಂಡಾಗ, ಇನ್ನೊಂದು ಮದುವೆಯ ಮಾತೆತ್ತಿದರೆ ಜೋಕೆ ಎಂದು ಎಲ್ಲರ ಮುಂದೆ ಗುಡುಗಿದ್ದವರು, ಶುಂಠಿ ರೇಟು ಕೇಳುವ ನೆಪದಲ್ಲಿ ಬಂದು ಮರುಮದುವೆಗೆ ಸಿದ್ಧವಿರುವ ಹೆಂಗಸರ ಫೋಟೋ ನೋಡಿಹೋಗುತ್ತಿದ್ದರು.

ಈ ನಡುವೆ ಹೊಸ ಅಗ್ರಹಾರದ ಸರ್ವಮಂಗಳ ಎಂಬ ಹುಡುಗಿಯನ್ನು ನೋಡಿಬಂದೆವು. ತಮ್ಮ ಅವಳನ್ನು ಮೆಚ್ಚಿ ಅನ್ನ ನೀರು ಮರೆತ. ಇನ್ನು ಉಳಿದದ್ದು ಅವರ ಕಡೆಯವರು ಬಂದು ನಮ್ಮ ಮನೆ ನೋಡುವ ಶಾಸ್ತ್ರ. ಹುಡುಗಿಯ ಸೋದರತ್ತೆ ಚಾಮುಂಡಮ್ಮ ಬಂದರು. ಆಕೆ ಒಪ್ಪಿದರೆ ಮದುವೆ, ಮೂಗು ಮುರಿದರೆ ಮುಗಿಯಿತು. ನಮ್ಮ ಪರವಾಗಿ ಮಾತಾಡಲು ಅಣ್ಣಯ್ಯನವರು ಪೇಟ ಸುತ್ತಿ ಕೂತಿದ್ದರು. ಬೀರಮ್ಮ, ರಾಣಿ ಅಡುಗೆಗೆ ನೆರವಾಗಲು ಬಂದಿದ್ದರು.

ಚಾಮುಂಡಮ್ಮ ಕೊಟ್ಟಿಗೆ ನೋಡಿದರು, ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನೊಳಗೆ ತಲೆ ಹಾಕಿದರು, ಹಿತ್ತಲಿಗೂ ಹೋಗಿಬಂದರು. ಕೊನೆಗೆ ಟವೆಲ್ಲು ಹೊದ್ದು ಕೂತಿದ್ದ ಕಂಪ್ಯೂಟರ್ ಕಣ್ಣಿಗೆ ಬಿತ್ತು.

"ಇದೇನಪ್ಪ ಮಾಡ್ತದೆ?"

ತಮ್ಮ ಉಬ್ಬಿಹೋದ. "ಇದು ಬಾರೀ ಬುದ್ವಂತ ಕಣಮ್ಮ. ನಾನು ಏನೇನು ನೋಡ್ತೀನೋ ಎಲ್ಲ ನೆಪ್ಪಿಟ್ಕತದೆ. ನಂಗೆ ಏನು ಬೇಕು ಅಂತ ತಾನೇ ತಿಳ್ಕಂಡು ತೋರುಸ್ತದೆ."

ಹೇಳಿ ಟವೆಲ್ಲು ತೆಗೆದು, ಇಂಟರ್‌ನೆಟ್ಟಿನಲ್ಲಿ ಪೇಪರಿನ ಪುಟ ತೆರೆದ. ಸುದ್ದಿಯ ಸುತ್ತ ಜಾಹೀರಾತು. ಮೇಲೆ ತೊಟ್ಟಿಲು. ಪಕ್ಕದಲ್ಲಿ ಹಲ್ಲಿನ ಸೆಟ್ಟು. ಕೆಳಗೆ ಹಾರ ಹಾಕಿಕೊಂಡ ನರೆಗೂದಲ ಗಂಡು ಹೆಣ್ಣು.

"ಅದೇನು ಬರ್ದೈತೆ, ಓದು."

ಸುಳ್ಳು ಹೇಳಲು ಬಾರದ ನನ್ನ ತಮ್ಮ ಓದಿದ. "ಮರುಮದುವೆಗೆ... ನಿಮಗೊಪ್ಪುವ ವಿಧವೆಯರು..."

ಅಣ್ಣಯ್ಯನವರು ಎಲ್ಲರಿಗಿಂತ ಮೊದಲು ಎದ್ದರು. "ಥೂ! ಇಂಥ ಬುದ್ದಿ ಎಲ್ಲಿಂದ ಬಂತ್ಲಾ ನಿಂಗೆ? ನಮ್ಮೂರ ಮರ್ವಾದೆ ಕಳುದ್ಬುಟ್ಟಲ್ಲೋ!"

ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿ ತೆರೆದೆ. ತಮ್ಮ ಬೇಡವೆಂದು ಕಣ್ಣಲ್ಲೇ ಬೇಡಿಕೊಂಡ.

"ಎಲ್ಲಾ ನಾನೇ ನೋಡಿದ್ದು ಕಣಮ್ಮ" ಎಂದ.

ಚಾಮುಂಡಮ್ಮ ಸೆರಗು ಹೊದ್ದು ಎದ್ದೇಬಿಟ್ಟರು. ಆಗ ನಮ್ಮವ್ವ ಅಡ್ಡ ಬಂದು ಬಾಯಗಲಿಸಿ ಬೋಳು ವಸಡು ತೋರಿಸಿದಳು. "ಆ ಅಲ್ಲಿನ ಸೆಟ್ಟು ನಂದು ತಾಯಿ. ನನ್ ಮಗನ ಅಲ್ಲು ಗಟ್ಟಿಯಾಗವೆ."

ರಾಣಿ ಕಾಫಿ ತಟ್ಟೆ ಕೆಳಗಿಟ್ಟಳು. ಅತ್ತೆಯನ್ನು ನೋಡಿದಳು, ತಲೆ ತಗ್ಗಿಸಿದಳು. "ತೊಟ್ಲು ನಂದು."

ಬೀರಮ್ಮ ಕಿರುಚಿ ಸೊಸೆಯನ್ನು ತಬ್ಬಿಕೊಂಡು ಅಲ್ಲೇ ಅಳಲು ಕೂತಳು. ಚಾಮುಂಡಮ್ಮ ಅದಕ್ಕೂ ಕರಗಲಿಲ್ಲ. ತಮ್ಮನ ಕಡೆ ತಿರುಗಿದರು.

"ಈ ಮರುಮದುವೆ?"

"ನಂದೇ."

"ನಿಂಗೆ ಮೊದಲ್ನೇದೇ ಆಗಿಲ್ವಲ್ಲಪ್ಪ! ಎರಡನೇದು ಯಾಕೆ ಉಡುಕ್ತಿದ್ದೀಯ?"

ಅಣ್ಣಯ್ಯನವರಿಗೆ ಕಾಫಿ ನೆತ್ತಿಗೆ ಹತ್ತಿ ಕೆಮ್ಮು ಬಂತು. ಕೆಮ್ಮು ನಿಲ್ಲಲೇ ಇಲ್ಲ. ಚಾಮುಂಡಮ್ಮ ಅವರನ್ನು ಪೇಟದಿಂದ ಪಾದದವರೆಗೂ ನೋಡಿದರು.

"ಯಜಮಾನ್ರೇ, ಒಸಿ ನೀರು ಕುಡೀರಿ" ಎಂದರು. ಅಣ್ಣಯ್ಯನವರು ನೀರಿಗೆಂದು ಹಿತ್ತಲಿಗೆ ಹೋದವರು ಹಾಗೇ ಮನೆಗೆ ಹೋದರು.

ಚಾಮುಂಡಮ್ಮ ಮತ್ತೆ ಕಂಪ್ಯೂಟರ್ ಮುಂದೆ ಕೂತರು. ಈಗ ಅವರ ಧ್ವನಿ ಮೆತ್ತಗಾಗಿತ್ತು. "ಇದ್ರಲ್ಲಿ ನಿಂದು ಯಾವುದಪ್ಪ?"

ತಮ್ಮ ಪುಟವನ್ನು ಮೇಲಿನಿಂದ ಕೆಳಗಿನವರೆಗೂ ಉರುಳಿಸಿದ. ಇನ್ನೊಂದು ಪುಟ ತೆರೆದ. ಅಲ್ಲೂ ಅದೇ ತೊಟ್ಟಿಲು, ಅದೇ ಹಲ್ಲು. ಅವನ ಕಿವಿ ಕೆಂಪಾಯಿತು.

"ನಂಗೇಂತ ನೋಡ್ಕಳಕೆ ಪುರ್ಸೊತ್ತೇ ಆಗ್ನಿಲ್ಲ ಕಣಮ್ಮ."

ಚಾಮುಂಡಮ್ಮ ಟವೆಲ್ಲೆತ್ತಿ ತಾವೇ ಕಂಪ್ಯೂಟರಿಗೆ ಹೊದಿಸಿದರು.

"ನಮ್ಮ ಸರ್ವಮಂಗಳ ಬತ್ತಾಳೆ, ಬುಡು. ನಿಂಗೇನು ಬೇಕು ಅಂತ ಅವಳು ಬಾಯ್ಬುಟ್ಟು ಕೇಳ್ತಾಳೆ" ಎಂದರು.