ಇನ್ನೊಂದು ಸಲ, ಜೋರಾಗಿ

ಬಲೆಯ ಕಣ್ಣುಗಳ ಕೆಳಗೆ ನೀರು ಓಡುತ್ತಿದೆ, ಒಂದು ಗಳಿಗೆ ಹಸಿರು ಗಾಜಿನ ಹಾಗೆ, ಮರುಗಳಿಗೆ ಯಾರೋ ಬೆಳ್ಳಿ ಕಾಗದ ಮುದುರಿ ಎಸೆದ ಹಾಗೆ, ಅವಳು ಕವುಚಿ ಮಲಗಿ ನೋಡುತ್ತಿದ್ದಾಳೆ, ಕೆನ್ನೆಗೆ ಹಗ್ಗದ ಗೆರೆ ಒತ್ತುತ್ತಿದೆ, ಎದ್ದಾಗ ಮುಖದ ಮೇಲೆ ಚೌಕಳಿ ಮೂಡಿರುತ್ತದೆ, ಮೂಡಲಿ, ಇಲ್ಲಿ ನಗುವುದಕ್ಕೆ ಗುರುತಿನವರು ಯಾರಿದ್ದಾರೆ — ಅಮ್ಮ ಒಬ್ಬಳನ್ನು ಬಿಟ್ಟರೆ. ಈ ಕಟಮರಾನ್‌ಗೆ ಎರಡು ಒಡಲು, ಎರಡರ ನಡುವೆ ಮುಂಭಾಗದಲ್ಲಿ ಈ ಬಲೆ ಬಿಗಿದಿದ್ದಾರೆ, ಮಲಗಿದರೆ ತೊಟ್ಟಿಲು, ಕಣ್ಣು ಬಿಟ್ಟರೆ ಹೊಟ್ಟೆಯ ಕೆಳಗೇ ಸಮುದ್ರ, ಎರಡು ದೋಣಿಯಲ್ಲಿ ಕಾಲಿಟ್ಟವಳು ಎಂದು ಜನ ಬೈಯುತ್ತಾರಲ್ಲ, ಇದನ್ನು ಕಟ್ಟಿದವನು ಎರಡು ದೋಣಿಗೂ ಸೇರಿಸಿ ಹಲಗೆ ಹೊಡೆದು ಆ ಬೈಗುಳವನ್ನೇ ಬಗೆಹರಿಸಿಬಿಟ್ಟಿದ್ದಾನೆ, ತನಗೂ ಯಾರಾದರೂ ಹಾಗೊಂದು ಹಲಗೆ ಹೊಡೆದುಕೊಟ್ಟಿದ್ದರೆ — ಹೇಳಬೇಕು, ಇವತ್ತು ಹೇಳಿಯೇ ಬಿಡಬೇಕು, ಬೆಳಿಗ್ಗೆ ಬಂದರಿನಲ್ಲಿ ಟೋಪಿಯ ದಾರ ಕಟ್ಟುವಾಗಲೇ ಹೇಳಬಹುದಿತ್ತು, ಅಮ್ಮನ ಗದ್ದ ಅವಳ ಬೆರಳಿಗೆ ತಾಗುತ್ತಿತ್ತು, ಅಷ್ಟು ಹತ್ತಿರ, ಆದರೆ ಅಮ್ಮ ಆಗ ಟೋಪಿಯ ಕೆಳಗಿಂದ ದೋಣಿಯನ್ನು ನೋಡುತ್ತಿದ್ದಳು, ಹೊಸ ಬೂಟು ಕೊಡಿಸಿದ ಮಗುವಿನ ಮುಖ ಮಾಡಿಕೊಂಡು, ಆ ಮುಖಕ್ಕೆ ಏನು ಹೇಳುವುದು. ಹುಟ್ಟುಹಬ್ಬಕ್ಕೆ ಏನು ಬೇಕಮ್ಮ ಎಂದು ಕೇಳಿದಾಗ ಶಾಲು ಅನ್ನುತ್ತಾಳೆ, ಚಪ್ಪಲಿ ಅನ್ನುತ್ತಾಳೆ ಎಂದುಕೊಂಡಿದ್ದಳು, ಸಮುದ್ರ ನೋಡ್ಬೇಕು ಅಂದಳು ಅಮ್ಮ, ದಡದಿಂದ ಅಲ್ಲ, ಒಳಗಿಂದ. ಹಿಂದಿನ ಬೆಂಚಿನಲ್ಲಿ ಅಮ್ಮನ ನಗು ಈಗಲೂ ಕೇಳುತ್ತಿದೆ, ಹೊಸದಾಗಿ ಮದುವೆಯಾದ ಹುಡುಗಿಯೊಬ್ಬಳನ್ನು ಗೆಳತಿ ಮಾಡಿಕೊಂಡಿದ್ದಾಳೆ, ಪಾಪ ಅವಳ ಗಂಡ ಒಂಟಿಯಾಗಿ ಕಂಬಿ ಹಿಡಿದು ನಿಂತಿದ್ದಾನೆ, ಇನ್ನು ಯಾವುದೋ ಆಫೀಸಿನ ನಾಲ್ವರು ಗೆಳೆಯರು, ಹೊರಟಾಗಿನಿಂದ ಒಂದೇ ಹಾಡನ್ನು ಮತ್ತೆ ಮತ್ತೆ ಹಾಕಿಸುತ್ತಿರುವವರು, ಮತ್ತು ಕ್ಯಾಪ್ಟನ್, ಮೂಗಿಗೆ ಮಾತ್ರ ದಪ್ಪಗೆ ಬಿಳಿ ಕ್ರೀಮು ಬಳಿದುಕೊಂಡು ಚುಕ್ಕಾಣಿ ಹಿಡಿದವನು, ಎಲ್ಲರನ್ನೂ ಒಂದೇ ದೋಣಿಗೆ ಹಾಕಿ ಒಂದು ದಿನದ ಮಟ್ಟಿಗೆ ಒಂದು ಸಂಸಾರ ಮಾಡಿದ ಹಾಗಾಗಿದೆ.

ಊಟ ಆದ ಮೇಲೆ ಹೇಳುತ್ತೇನೆ, ಹೊಟ್ಟೆ ತುಂಬಿದಾಗ ಅಮ್ಮನ ಮನಸ್ಸು ಮೆತ್ತಗಿರುತ್ತದೆ — ಉಸಿರು ಎಳ್ಕೊಳ್ಳಿ, ಹಿಡ್ಕೊಳ್ಳಿ, ಅಲ್ಲಾಡ್ಬೇಡಿ, ಹಾಂ, ಬಿಡಿ — ದಿನವಿಡೀ ಊರಿಗೆಲ್ಲ ಹೇಳುವವಳು ತಾನು, ಆಸ್ಪತ್ರೆಯ ನೆಲಮಾಳಿಗೆಯ ಎಕ್ಸ್‌ರೇ ಕೋಣೆಯಲ್ಲಿ, ಸೀಸದ ಏಪ್ರನ್ನಿನ ಭಾರ ಹೆಗಲಿಗೆ ಎಷ್ಟು ಒಗ್ಗಿದೆಯೆಂದರೆ ಮನೆಗೆ ಬಂದ ಮೇಲೂ ಏನೋ ಬಿಚ್ಚುವುದು ಉಳಿದಿದೆ ಅನ್ನಿಸುತ್ತದೆ, ಈಗ ಹೇಳಬೇಕಾಗಿರುವುದು ಯಾರ ವಿಷಯವೋ ಅವರ ಮುಖಕ್ಕಿಂತ ಮೊದಲು ಮಣಿಕಟ್ಟಿನ ಮೂಳೆ ನೋಡಿದವಳು ತಾನು, ಲಿಫ್ಟಿನ ಕೆಳಗಿನ ಗುಂಡಿಯಲ್ಲಿ ಜಾರಿಬಿದ್ದು ಬಂದಿದ್ದರು, ಲಿಫ್ಟು ರಿಪೇರಿ ಮಾಡುವವರು, ಮೂಳೆ ಅಡ್ಡಕ್ಕೆ ಸಣ್ಣದಾಗಿ ಸೀಳಿತ್ತು, ಕೂದಲೆಳೆಯ ಹಾಗೆ. ಕೈಯ ಫೋಟೋಗೆ ಉಸಿರು ಹಿಡಿಯುವ ಅಗತ್ಯವೇ ಇಲ್ಲ, ಅಭ್ಯಾಸಬಲದಿಂದ ಹಿಡ್ಕೊಳ್ಳಿ ಅಂದಿದ್ದಳು, ಆಮೇಲೆ ಫೋನು ಬಂದು ಬಿಡಿ ಅನ್ನುವುದನ್ನು ಮರೆತಿದ್ದಳು, ತಿರುಗಿ ನೋಡಿದರೆ ಆ ಮನುಷ್ಯ ಮುಖ ಕೆಂಪಗೆ ಮಾಡಿಕೊಂಡು ಕೂತಿದ್ದಾರೆ, ಮೇಡಂ, ಬಿಡ್ಲಾ, ಎಂದು ಹಲ್ಲಿನ ಸಂದಿಯಿಂದ ಕೇಳಿದರು. ಆವತ್ತು ನಕ್ಕಿದ್ದು ಇನ್ನೂ ನಿಂತಿಲ್ಲ. ಕೈ ಕೂಡಿಕೊಂಡ ಮೇಲೂ ಕೈ ತೋರಿಸುವುದಕ್ಕೆ ಬರುತ್ತಿದ್ದರು, ಕ್ಯಾಂಟೀನಿನಲ್ಲಿ ಎದುರುಬದುರು ಕೂತು ಚಹಾ ಕುಡಿಯುತ್ತಿದ್ದರು, ಹೆಚ್ಚು ಮಾತಿಲ್ಲ, ಇದ್ದಷ್ಟು ಮಾತೂ ಯಂತ್ರದ ಬಗ್ಗೆ, ಕೊನೆಗೊಂದು ದಿನ ಲೋಟದ ತಳ ನೋಡುತ್ತ, ನಮ್ಮನೇಲಿ ಇನ್ನೊಂದು ರೂಮು ಖಾಲಿ ಇದೆ, ನಿಮ್ಮಮ್ಮನಿಗೆ ಆಗುತ್ತೆ, ಬೆಳಕು ಚೆನ್ನಾಗಿ ಬರುತ್ತೆ ಅಂದರು, ಮದುವೆ ಎಂಬ ಮಾತು ಬಾಯಿಗೆ ಬರಲೇ ಇಲ್ಲ, ಮೊದಲು ಅಮ್ಮನ ರೂಮಿನ ಕಿಟಕಿಯೇ ಬಂತು, ಅಲ್ಲಿಗೇ ಅವಳು ಸೋತಳು. ಅಮ್ಮನಿಗೆ ಅವರು ಗೊತ್ತಿಲ್ಲದವರೇನಲ್ಲ, ನಮ್ಮ ಕಟ್ಟಡದ ಲಿಫ್ಟು ಎರಡು ಮಹಡಿಗಳ ನಡುವೆ ನಿಂತು ಅಮ್ಮ ಒಳಗೆ ಸಿಕ್ಕಿಕೊಂಡಾಗ ಬಂದವರು ಅವರೇ, ಬಾಗಿಲ ಸಂದಿಗೆ ಬಾಯಿಟ್ಟು, ಅಮ್ಮಾವ್ರೇ ಹೆದರ್ಬೇಡಿ, ಇವತ್ತು ಏನ್ ಅಡುಗೆ ಮಾಡಿದ್ರಿ ಎಂದು ಕೇಳಿದರಂತೆ, ಅಮ್ಮ ಅಡುಗೆ ಹೇಳಿ ಮುಗಿಸುವಷ್ಟರಲ್ಲಿ ಬಾಗಿಲು ತೆರೆದಿತ್ತು, ಒಳ್ಳೆ ಮನುಷ್ಯರು ಅವರು ಎಂದು ವಾರವೆಲ್ಲ ಹೇಳಿದ್ದಳು — ಒಳ್ಳೆ ಮನುಷ್ಯರು ಅನ್ನುವುದು ಬೇರೆ, ಮಗಳನ್ನು ಕರೆದುಕೊಂಡು ಹೋಗುತ್ತಾರೆ ಅನ್ನುವುದು ಬೇರೆ. ಅಪ್ಪ ಹಾಸಿಗೆ ಹಿಡಿದಾಗ ಒಂದು ಸಂಬಂಧ ಕೈಬಿಟ್ಟಿತು, ಅಮ್ಮನ ಮಂಡಿಯ ಆಪರೇಷನ್ನಿನ ಹೊತ್ತಿಗೆ ಇನ್ನೊಂದು, ಆಮೇಲೆ ಕೇಳುವವರೂ ಸುಮ್ಮನಾದರು, ಇಬ್ಬರಿಗೂ ಅದೇ ಒಗ್ಗಿಹೋಯಿತು, ಒಂದೇ ಟೀಪಾತ್ರೆ, ಟೀವಿಯ ದೊಡ್ಡ ಸದ್ದು, ಕಿವಿಗೆ ಮಿಷನ್ ಬಂದ ಮೇಲೂ ಅದೇ ದೊಡ್ಡ ಸದ್ದು, ಅಮ್ಮನಿಗೆ ತಾನು, ತನಗೆ ಅಮ್ಮ, ಇದರಲ್ಲಿ ಯಾರು ಯಾರನ್ನು ಹಿಡಿದುಕೊಂಡಿದ್ದಾರೆ ಎಂದು ಈಗ ಬಿಡಿಸಿ ಹೇಳುವುದು ಕಷ್ಟ. ಕಣ್ಣು ಭಾರವಾಗುತ್ತದೆ, ತೊಟ್ಟಿಲು ತೂಗುತ್ತದೆ, ಬಿಸಿಲು ಬೆನ್ನ ಮೇಲೆ ಕೈಯಿಟ್ಟ ಹಾಗೆ.

ಪುಟ್ಟೀ, ಏಳು, ಬಂತು — ಅಮ್ಮನ ಕೈ ಭುಜದ ಮೇಲೆ, ತಲೆ ನೆರೆತ ಮಗಳಿಗೆ ಪುಟ್ಟಿ, ನಾಲ್ವರು ಗೆಳೆಯರಲ್ಲಿ ಒಬ್ಬ ಮುಸಿಮುಸಿ ನಗುತ್ತಿದ್ದಾನೆ, ನಗಲಿ — ದ್ವೀಪ ಅಂಗೈಯಷ್ಟೇ ಇದೆ, ತೆಂಗಿನ ಮರಗಳ ಒಂದು ಗುಂಪು, ಸುತ್ತ ಬಿಳಿ ಮರಳಿನ ಅಂಚು, ಹತ್ತಿರದ ನೀರು ತಿಳಿ, ಎದೆಮಟ್ಟ, ಮರಳಿನ ಮೇಲೆ ದೋಣಿಯ ನೆರಳು ಕೂಡ ಕಾಣುತ್ತದೆ. ಮರದ ಕೆಳಗೆ ಚಾಪೆ ಹಾಸಿ ಊಟ, ಸುಟ್ಟ ಮೀನು, ಬ್ರೆಡ್ಡು, ಬೇಯಿಸಿದ ಮೊಟ್ಟೆ, ಅನಾನಸು, ಅಮ್ಮ ಮೊಟ್ಟೆಯ ಸಿಪ್ಪೆ ಸುಲಿದು ಅವಳ ತಟ್ಟೆಗೆ ಹಾಕಿದಳು, ಹಳದಿಯನ್ನು ತಾನಿಟ್ಟುಕೊಂಡು ಬಿಳಿಯದನ್ನು ಮಾತ್ರ, ಮೊದಲಿನಿಂದ ಹಾಗೆಯೇ, ಊಟ ಆಯಿತು, ಈಗ ಹೇಳಬೇಕು, ಅಮ್ಮ, ಒಂದು ಮಾತು ಎಂದು ಶುರು ಮಾಡಿದಳು, ಅಷ್ಟರಲ್ಲಿ ಅಮ್ಮ ಎದ್ದು ನಿಂತು ಕಿವಿಯ ಮಿಷನ್ ತೆಗೆದು ಪುಟ್ಟ ಡಬ್ಬಿಗೆ ಹಾಕಿ ಅವಳ ಕೈಗೆ ಕೊಟ್ಟಳು, ಭದ್ರವಾಗಿಡು, ನಾನು ನೀರಿಗೆ ಹೋಗ್ತೀನಿ ಅಂದಳು. ಕಾಲು ನೆನೆಸಿಕೊಂಡು ಬರುತ್ತಾಳೆ ಎಂದು ಹಿಂದೆಯೇ ಹೋದಳು, ಅಮ್ಮ ಮೊಣಕಾಲಿನವರೆಗೆ ಹೋದಳು, ಸೊಂಟದವರೆಗೆ, ಸಡಿಲ ಪೈಜಾಮ ನೀರಲ್ಲಿ ಬಲೂನಿನ ಹಾಗೆ ಉಬ್ಬಿತು, ಲೈಫ್ ಜಾಕೆಟ್ಟಿನ ಬಕಲ್ಲು ಬಿಚ್ಚುತ್ತಿದ್ದಾಳೆ, ದೋಣಿಯ ಏಣಿಯ ಬಳಿ ನಿಂತ ಕ್ಯಾಪ್ಟನ್ ಕೈ ಬೀಸಿದ, ಅಜ್ಜಿ, ಅದನ್ನ ತೆಗೀಬಾರದು. ಅಮ್ಮನಿಗೆ ಕೇಳಿಸಲಿಲ್ಲ, ಕೈ ಬೀಸಿದ್ದು ಕಂಡಿತು, ಇದನ್ನ ಹಾಕ್ಕೊಂಡು ಈಜೋದು ಹೇಗಪ್ಪ ಎಂದು ದೊಡ್ಡ ದನಿಯಲ್ಲಿ ಕೇಳಿದಳು, ಕ್ಯಾಪ್ಟನ್ ನೀರಿಗಿಳಿದು ಬಂದ, ಮೊದಲು ನನ್ನೆದುರಿಗೆ ಈಜಿ ತೋರಿಸಿ ಎಂದು ಸನ್ನೆ ಮಾಡಿದ, ಅಮ್ಮ ಜಾಕೆಟ್ಟನ್ನು ಅವನ ಕೈಗೇ ಕೊಟ್ಟು ಮುಂದಕ್ಕೆ ಬಾಗಿದಳು — ಬಿದ್ದಳು ಎಂದು ಮಗಳು ಕೈ ಚಾಚಿದಳು — ಬೀಳಲಿಲ್ಲ, ನೀರು ಸದ್ದಿಲ್ಲದೆ ಎರಡಾಯಿತು, ಒಂದು ತೋಳು ಮೇಲೆದ್ದು ಒಳಹೋಯಿತು, ಇನ್ನೊಂದು, ತಲೆ ಪಕ್ಕಕ್ಕೆ ತಿರುಗಿ ಉಸಿರು ತೆಗೆದುಕೊಂಡಿತು, ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುವ ಅಮ್ಮ, ಸ್ನಾನದ ಕೋಣೆಯಲ್ಲಿ ಜಾರದ ಚಾಪೆ ಹಾಸಿಸಿಕೊಂಡ ಅಮ್ಮ, ಆ ಮಂಡಿ, ಆ ಸೊಂಟ, ಎಲ್ಲಿ ಹೋದವು ಅವೆಲ್ಲ, ಕ್ಯಾಪ್ಟನ್ ತನ್ನ ಬಿಳಿ ಮೂಗು ಒರೆಸಿಕೊಂಡು ಜಾಕೆಟ್ಟನ್ನು ಹೆಗಲಿಗೆ ಹಾಕಿಕೊಂಡು ವಾಪಸು ಹೋದ. ಅವಳು ಡಬ್ಬಿಯನ್ನು ಹೊಸ ಮದುಮಗಳ ಕೈಗೆ ಕೊಟ್ಟು ಜಾಕೆಟ್ಟು ಸಮೇತ ನೀರಿಗಿಳಿದಳು, ಈಜು ಬರುತ್ತೆ ಅಂತ ನಂಗ್ಯಾಕಮ್ಮ ಹೇಳ್ಲಿಲ್ಲ ಎಂದು ಕೈಸನ್ನೆ ಬಾಯಿಸನ್ನೆ ಎಲ್ಲ ಸೇರಿಸಿ ಕೇಳಿದಳು, ಅಮ್ಮ ಕಣ್ಣಿಂದ ನೀರು ಕೊಡವುತ್ತ, ಯಾರು ಕೇಳಿದ್ರು, ಮದ್ವೆಗೆ ಮುಂಚೆ ದಿನಾ ಹೊಳೆಗೆ ಹಾರ್ತಿದ್ದೆ, ಆಮೇಲೆ ನಿಮ್ಮಪ್ಪನ ಮನೇಲಿ ಬಚ್ಚಲು ಬಿಟ್ರೆ ನೀರೆಲ್ಲಿತ್ತು ಅಂದಳು. ದೂರಿನ ದನಿಯಲ್ಲ, ಪಲ್ಯಕ್ಕೆ ಉಪ್ಪು ಹಾಕಿದ್ದೀನಿ ಅನ್ನುವ ದನಿ.

ಈಗ ಅಮ್ಮ ಅಂಗಾತ ಮಲಗುತ್ತಾಳೆ, ನೀರಿನ ಮೇಲೆ, ಹಾಸಿಗೆಯ ಮೇಲೆ ಮಲಗಿದ ಹಾಗೆ, ಅವಳು ಅಮ್ಮನ ಬೆನ್ನಿನ ಕೆಳಗೆ ಅಂಗೈ ಹಿಡಿದು ನಿಂತಿದ್ದಾಳೆ, ಹಿಡಿಯುವ ಅಗತ್ಯವಿಲ್ಲದಿದ್ದರೂ, ಬೆನ್ನಿನ ಮಣಿಗಳು ಒಂದೊಂದಾಗಿ ಬೆರಳಿಗೆ ಸಿಗುತ್ತವೆ, ಈ ಬೆನ್ನಿನ ಫೋಟೋವನ್ನೂ ತಾನೇ ತೆಗೆದಿದ್ದಾಳೆ, ಫೋಟೋದಲ್ಲಿ ಇದು ಇಷ್ಟು ಹಗುರ ಇರಲಿಲ್ಲ, ಅಮ್ಮನ ಕಿವಿಗಳು ನೀರಿನೊಳಗೆ, ಕಣ್ಣು ಮುಚ್ಚಿದೆ, ಆ ತುದಿಯಲ್ಲಿ ಪಾದಗಳು ಮೇಲೆದ್ದಿವೆ — ಉಗುರುಗಳು ಕೆಂಪು. ಹತ್ತೂ ಕೆಂಪು. ಹಚ್ಚ ಹಸಿರು ನೀರಿನ ಮೇಲೆ ಕೆಂಪು. ಬಗ್ಗಲಾಗದ ಅಮ್ಮನ ಕಾಲಿನ ಉಗುರನ್ನು ಭಾನುವಾರ ಭಾನುವಾರ ಕತ್ತರಿಸುವವಳು ತಾನು, ಬಿಳಿಚಿದ, ದಪ್ಪ ಉಗುರು, ಇದೇನಿದು ಎಂದು ದಡದ ಕಡೆ ತಿರುಗಿದರೆ ಮದುಮಗಳು ನಾಲಿಗೆ ಕಚ್ಚಿಕೊಂಡು, ನಾನೇ ಹಚ್ಚಿದ್ದು ಆಂಟಿ, ನೀವು ನಿದ್ದೆ ಮಾಡ್ತಿದ್ರಲ್ಲ, ಅಜ್ಜಿ ತಾವೇ ಕೇಳಿದ್ರು ಅನ್ನುತ್ತಾಳೆ. ತಾವೇ ಕೇಳಿದರಂತೆ. ಏನೇನು ಕೇಳದೆ ಉಳಿದಿದೆಯೋ ಈ ಹೆಂಗಸಿಗೆ, ಏನೇನು ಯಾರೂ ಕೇಳದೆ ಉಳಿದಿದೆಯೋ ಈ ಹೆಂಗಸಿನಲ್ಲಿ, ಕೇಳಿಸದು ಎಂಬ ಧೈರ್ಯದಲ್ಲಿ, ಮುಚ್ಚಿದ ಆ ಕಣ್ಣುಗಳ ಹತ್ತಿರ ಬಾಗಿ, ಅಮ್ಮ, ನಾನು ಮದ್ವೆ ಆಗ್ಬೇಕು ಅಂತಿದೀನಿ ಅಂದಳು, ನಿನ್ನ ಬಿಟ್ಟು ಹೋಗೋಕೆ ನಂಗೆ ಕಾಲು ಬರಲ್ಲ, ಹೋಗದೆ ಇರೋಕೂ ಆಗ್ತಿಲ್ಲ, ಅವರು ಒಳ್ಳೆಯವರು ಅಂತ ನೀನೇ ಹೇಳಿದ್ದೀಯಲ್ಲ. ಹೇಳಿಯಾಯಿತು, ಎಷ್ಟು ಸುಲಭ, ನೀರಿಗೆ ಹೇಳಿದ ಹಾಗೆ. ಅಮ್ಮ ಕಣ್ಣು ಬಿಟ್ಟಿದ್ದಳು. ಯಾವಾಗ ಬಿಟ್ಟಳೋ, ಕಾಲು ಮಡಚಿ ಎದ್ದು ನಿಂತು ಅವಳ ಭುಜ ಹಿಡಿದುಕೊಂಡಳು, ಏನೋ ಅಂತಿದ್ದೆ, ತುಟಿ ಅಲ್ಲಾಡ್ತಿತ್ತು. ಏನಿಲ್ಲಮ್ಮ. ಏನಿಲ್ಲ ಅನ್ನೋಕೆ ಅಷ್ಟು ಹೊತ್ತು ಬೇಕಾ, ಹೇಳು, ಜೋರಾಗಿ ಹೇಳು, ಮಿಷನ್ ಇಲ್ಲ. ಮದ್ವೆ, ಅಂದಳು. ಮೊಟ್ಟೆನಾ, ಈಗ ತಾನೇ ತಿಂದ್ಯಲ್ಲೇ, ಅಂದಳು ಅಮ್ಮ. ಮೊಟ್ಟೆ ಅಲ್ಲಮ್ಮ, ಮದ್ವೆ. ಇನ್ನೊಂದ್ಸಲ ಹೇಳು, ಜೋರಾಗಿ — ಉಸಿರು ಎಳೆದುಕೊಂಡಳು, ಹಿಡಿದುಕೊಂಡಳು — ನಾನು ಮದ್ವೆ ಆಗ್ತೀನಿ ಅಂದೆ, ಎಂದು ಕೂಗಿದಳು, ಕೂಗುವ ಹೊತ್ತಿಗೆ ಸರಿಯಾಗಿ ದೋಣಿಯ ಹಾಡು ಮುಗಿದು ಇನ್ನೂ ಮತ್ತೆ ಶುರುವಾಗಿರಲಿಲ್ಲ, ಆ ಸದ್ದಿಲ್ಲದ ನಡುವಿನಲ್ಲಿ ಅವಳ ಮದುವೆ ದ್ವೀಪಕ್ಕೆಲ್ಲ ಕೇಳಿಸಿತು, ಯಾರನ್ನ, ಎಂದಳು ಅಮ್ಮ, ಇನ್ನು ಮುಚ್ಚಿಡುವುದಕ್ಕೆ ಉಳಿದದ್ದೇನು, ಲಿಫ್ಟಿನವರನ್ನ, ಎಂದು ಅಷ್ಟೇ ಜೋರಾಗಿ ಕೂಗಿದಳು, ನಾಲ್ವರು ಗೆಳೆಯರು ಕೈಯಲ್ಲಿದ್ದ ಅನಾನಸು ಬಿಟ್ಟು ಚಪ್ಪಾಳೆ ತಟ್ಟಿದರು, ಕ್ಯಾಪ್ಟನ್ ಒಂದು ಸಲ ಹಾರ್ನ್ ಒತ್ತಿದ, ಅವಳ ಕಿವಿಗೆ ಬೆಂಕಿ ಬಿದ್ದ ಹಾಗೆ.

ಅಮ್ಮ ನಗಲಿಲ್ಲ. ಗದ್ದದಿಂದ ನೀರು ತೊಟ್ಟಿಕ್ಕುತ್ತಿದೆ, ಕಣ್ಣು ದೂರ ಎಲ್ಲೋ, ನೀರಿನ ಕೆಳಗೆ ಅಮ್ಮನ ಬೆರಳುಗಳು ಅವಳ ಮಣಿಕಟ್ಟನ್ನು ಹುಡುಕಿ ಹಿಡಿದುಕೊಂಡಿವೆ, ಗಟ್ಟಿಯಾಗಿ, ನೋಯುವಷ್ಟು, ಆ ಹಿಡಿತದಲ್ಲಿ ಟೀಪಾತ್ರೆ ಇದೆ, ಟೀವಿಯ ಸದ್ದು ಇದೆ, ಮೂರನೇ ಮಹಡಿಯ ಸಂಜೆಗಳಿವೆ, ಅವಳಿಗೆ ಎಲ್ಲ ಅರ್ಥವಾಯಿತು, ಬೇಡ ಬಿಡಮ್ಮ ಅನ್ನುವುದಕ್ಕೆ ಬಾಯಿ ತೆರೆದಳು, ಅಷ್ಟರಲ್ಲಿ ಅಮ್ಮ ಕೇಳಿದಳು, ಅವನಿಗೆ ಈಜು ಬರುತ್ತಾ? ಅವನಿಗೆ. ಇಷ್ಟು ದಿನ ಅವರು ಆಗಿದ್ದವರು ಒಂದೇ ಉಸಿರಿನಲ್ಲಿ ಅವನು ಆಗಿಬಿಟ್ಟರು, ಮನೆಯ ಮಗನಿಗೆ ಅನ್ನುವ ಹಾಗೆ, ಇಲ್ಲ ಎಂದು ಅವಳು ತಲೆಯಾಡಿಸಿದಳು. ಹಾಗಾದ್ರೆ ಮುಂದಿನ ಸಲ ಕರ್ಕೊಂಡು ಬಾ, ಕಲಿಸೋಣ, ಅಂದಳು ಅಮ್ಮ, ಮತ್ತೆ ಆ ಇನ್ನೊಂದು ರೂಮಿಗೆ ನಾನು ಬರ್ತೀನಿ ಅಂತೇನಾದ್ರೂ ಮಾತು ಕೊಟ್ಟಿದ್ರೆ ವಾಪಸ್ ತಗೋ, ನಾನು ನನ್ನ ಮನೇಲೇ ಇರ್ತೀನಿ, ನೀವಿಬ್ರೂ ಭಾನುವಾರ ಊಟಕ್ಕೆ ಬನ್ನಿ — ಇನ್ನೊಂದು ರೂಮಿನ ವಿಷಯ ನಿನಗೆ ಹೇಗೆ ಗೊತ್ತು ಎಂದು ಕಣ್ಣಲ್ಲೇ ಕೇಳಿದಳು, ನೀನು ನಿದ್ದೇಲಿ ಮಾತಾಡ್ತೀಯ, ನಂಗೆ ಮಿಷನ್ ಬರೋಕೆ ಮುಂಚೆ ಕೇಳಿಸ್ತಿರ್ಲಿಲ್ಲ, ಈಗ ಕೇಳ್ಸುತ್ತೆ, ಎಷ್ಟು ದಿನ ಆಯ್ತು, ನೀನು ಎಚ್ಚರದಲ್ಲಿ ಯಾವಾಗ ಹೇಳ್ತೀಯ ಅಂತ ಕಾಯ್ತಿದ್ದೆ — ಅವಳು ನಕ್ಕಳೋ ಅತ್ತಳೋ, ಉಪ್ಪು ಯಾವುದರದೋ, ಮಣಿಕಟ್ಟಿನ ಹಿಡಿತ ಸಡಿಲವಾಯಿತು, ಅಮ್ಮ ಮತ್ತೆ ಅಂಗಾತವಾದಳು, ಅವಳ ಅಂಗೈ ತಾನಾಗಿ ಬೆನ್ನಿನ ಕೆಳಗೆ ಹೋಯಿತು, ಕೈ ತೆಗಿ ಪುಟ್ಟಿ, ನೀನು ಹಿಡ್ಕೊಂಡ್ರೆ ತೇಲೋಕೆ ಆಗಲ್ಲ, ತೆಗೆದಳು, ಬೆನ್ನಿನ ಮಣಿಗಳು ಒಂದೊಂದಾಗಿ ಬೆರಳು ಬಿಟ್ಟವು, ಅಮ್ಮ ಹೋಗುತ್ತಿದ್ದಾಳೆ, ದೂರವೇನಲ್ಲ, ಒಂದು ಮಾರು, ಎರಡು ಮಾರು, ಭಾನುವಾರ ಉಗುರು ಕತ್ತರಿಸಲು ಬರಬೇಕು, ಬಣ್ಣ ಅಳಿಸದ ಹಾಗೆ ಕತ್ತರಿಸಬೇಕು, ಕಿರುಬೆರಳಲ್ಲಿ ದೋಣಿ ಕುಲುಕಿದ್ದಕ್ಕೋ ಏನೋ ಬಣ್ಣ ಚರ್ಮಕ್ಕೂ ಹರಡಿದೆ, ಇಲ್ಲಿಂದ ನೋಡಿದರೂ ಕಾಣುತ್ತದೆ, ಹಸಿರು ನೀರು, ಅದರ ಮೇಲೆ ಎರಡು ಪಾದ, ಕೆಂಪು ಉಗುರು, ಹತ್ತು, ಕೆಂಪು —