ನಿಮ್ಮ ಸಂದೇಶ ಮುಟ್ಟಿದೆ

“ಈ ಹೆಸರ ತಗದಬಿಡ್ಲೇನ್ರಿ, ಮಾವಾರ?”

ಮಯೂರಿ ಕಂಪ್ಯೂಟರಿನ ಪರದೆಯ ಮೇಲೆ ಬೆರಳಿಟ್ಟು ಕೇಳಿದಳು. ಶ್ರೀಪಾಲ ಗುಳಿಗೆಯ ಡಬ್ಬಿ ಕೆಳಗಿಟ್ಟು, ಕನ್ನಡಕ ಸರಿಮಾಡಿಕೊಂಡು ನೋಡಿದ. ಪಟ್ಟಿಯ ಕೊನೆಯ ಸಾಲು: ಕಾಂತಾ ಅಕ್ಕ, ಖಾನಾಪುರ. ನಾಳೆ ಕ್ಷಮಾವಣಿ. ಹತ್ತು ದಿನದ ಪರ್ವ ಮುಗಿಸಿದ ಜೈನರು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆಲ್ಲ ಒಬ್ಬರಲ್ಲೊಬ್ಬರು ಕ್ಷಮೆ ಕೇಳುವ ದಿನ. ಜನವರಿಯಲ್ಲಿ ತೀರಿಹೋದ ಅಕ್ಕನನ್ನು ಇನ್ನೇನು ಕೇಳುವುದು?

“ತಗಿ,” ಎಂದ. ಮತ್ತೆ, “ತಡಿ, ನಾನ ತಗೀತೇನಿ,” ಎಂದು ಸೊಸೆಯನ್ನು ಎಬ್ಬಿಸಿ ತಾನೇ ಕುರ್ಚಿಯಲ್ಲಿ ಕುಳಿತ.

ಬೆಳಗಾವಿಯ ಹಿಂದವಾಡಿಯಲ್ಲಿ ಶ್ರೀಪಾಲನ ಔಷಧಿ ಅಂಗಡಿ ಮೂವತ್ತು ವರ್ಷದ್ದು. ಅರವತ್ತು ದಾಟಿದ ಮೇಲೆ ಅವನಿಗೆ ಹೊಸ ಹುಚ್ಚೊಂದು ಹಿಡಿದಿತ್ತು. ಮೊಬೈಲಿನ ಟಿಪ್ಪಣಿ ಆ್ಯಪಿನಲ್ಲಿ ‘ಭೀಮಕ್ಕ, ಬಿ.ಪಿ. ಗುಳಿಗೆ, ಇಪ್ಪತ್ತೆಂಟು ದಿನ’ ಎಂದು ಒಂದು ಸಾಲು ಗೀಚಿದರೆ ಸಾಕು. ಅದು ತಾನಾಗಿಯೇ ಇಂಟರ್‌ನೆಟ್ಟಿನಲ್ಲಿದ್ದ ಪಟ್ಟಿಗೆ ಹೋಗಿ ಕೂರುತ್ತಿತ್ತು, ಇಪ್ಪತ್ತೇಳನೆಯ ದಿನ ಭೀಮಕ್ಕನಿಗೆ ‘ಗುಳಿಗೆ ಮುಗಿಯುತ್ತ ಬಂದಿದೆ’ ಎಂದು ಸಂದೇಶ ಹೋಗುತ್ತಿತ್ತು. ಕೋಡು ಗೀಡು ಏನೂ ಬರೆಯಬೇಕಾಗಿರಲಿಲ್ಲ. ಒಂದು ಚೌಕದಿಂದ ಇನ್ನೊಂದು ಚೌಕಕ್ಕೆ ಗೆರೆ ಎಳೆದರಾಯಿತು. ವಿಡಿಯೊ ನೋಡಿ ನೋಡಿ ತಾನೇ ಕಲಿತಿದ್ದ. ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಭೀಮಕ್ಕ ಮಾತ್ರ, “ನೀ ಬಾಯಿಲೆ ಹೇಳಿದ್ರ ನಂಗ ಕೇಳಸಂಗಿಲ್ಲೇನೋ ಯಪ್ಪಾ,” ಎಂದು ನಕ್ಕಿದ್ದಳು.

ಹೋದ ವರ್ಷ ಅದೇ ಏರ್ಪಾಡನ್ನು ನಕಲು ಮಾಡಿ ಕ್ಷಮಾವಣಿಗೂ ಹಚ್ಚಿದ. ಟಿಪ್ಪಣಿಯಲ್ಲಿ ಹೆಸರು ಬರೆಯುತ್ತ ಹೋದ. ಇನ್ನೂರ ಹದಿಮೂರು ಆದವು. ಕೊನೆಗೆ ಕಾಂತಾ ಅಕ್ಕನ ಹೆಸರು ಬರೆದ, ಅಳಿಸಿದ, ಮತ್ತೆ ಬರೆದ.

ಅಕ್ಕ ತಮ್ಮನ ಮಾತು ನಿಂತು ಆಗಲೇ ಆರು ವರ್ಷವಾಗಿತ್ತು. ಅವ್ವ ತೀರಿದ್ದು ಆಷಾಢದ ಒಂದು ಮಧ್ಯಾಹ್ನ. ಖಾನಾಪುರದಿಂದ ಕಾಂತಾ ಹೊರಟಿದ್ದಳು. ಹಾದಿಯಲ್ಲಿ ಮರ ಬಿದ್ದು ಬಸ್ಸು ನಿಂತಿತ್ತು. “ಬರಾಕತ್ತೇನಿ, ತಡೀರಿ,” ಎಂದು ಮೂರು ಸಲ ಫೋನು ಮಾಡಿದ್ದಳು. ಹೊತ್ತು ಮುಳುಗುವುದರೊಳಗೆ ಆಗಬೇಕು ಎಂದು ಹಿರಿಯರು ಅವಸರ ಮಾಡಿದರು. ಶ್ರೀಪಾಲ ಬೆಂಕಿ ಕೊಟ್ಟ. ಅಕ್ಕ ಸ್ಮಶಾನಕ್ಕೆ ಬಂದಾಗ ನೋಡಲು ಅವ್ವನ ಮುಖ ಉಳಿದಿರಲಿಲ್ಲ. “ಅರ್ಧಾ ತಾಸ ತಡೀಲಿಲ್ಲಲ್ಲೋ ನೀ. ನಿನ್ನ ಮಾರಿ ನಾ ನೋಡಂಗಿಲ್ಲ,” ಎಂದು ನಾಲ್ಕು ಜನರ ಮುಂದೆ ಅಂದವಳು ಅವನ ಮನೆಯ ನೀರೂ ಮುಟ್ಟದೆ ಹೋದಳು. ತಾನು ಮಾಡಿದ್ದು ರೀತಿಯಂತೆಯೇ ಸರಿ ಎಂದು ಇವನು. ಅವನೇ ಬರಲಿ ಎಂದು ಅವಳು. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಹಟ, ಬಗ್ಗುತ್ತದೆಯೆ?

ಹೀಗಿರುವಾಗ ಯಂತ್ರವೇ ಕ್ಷಮೆ ಕೇಳುವುದಾದರೆ ಹಾವೂ ಸಾಯುತ್ತದೆ, ಕೋಲೂ ಮುರಿಯುವುದಿಲ್ಲ ಎನ್ನಿಸಿತ್ತು ಅವನಿಗೆ. ಕ್ಷಮಾವಣಿಯ ಬೆಳಿಗ್ಗೆ ಎಂಟಕ್ಕೆ ಅಂಗಡಿಯ ಹೆಸರಿನಲ್ಲಿ ಎಲ್ಲರಿಗೂ ಒಂದೇ ಮಾತು ಹೋಯಿತು: ‘ನನ್ನಿಂದ ತಮ್ಮ ಮನಸ್ಸಿಗೆ ನೋವಾಗಿದ್ದರೆ ಕ್ಷಮೆ ಇರಲಿ. ಉತ್ತಮ ಕ್ಷಮಾ.’ ಅಕ್ಕ ಏನೂ ಅನ್ನಲಿಲ್ಲ. ಒಂದು ವಾರ ಫೋನಿನ ಕಡೆಗೇ ನೋಡಿದ. ಆಮೇಲೆ ಅವನಿಗೂ ಸಿಟ್ಟು ಬಂತು. ಜನವರಿಯಲ್ಲಿ ಅಕ್ಕನ ಅಂತ್ಯಕ್ರಿಯೆಗೆ ಹೋದಾಗ ಅವಳ ಮಗಳು ದೀಪಾಲಿಗೆ, ಎಲ್ಲರೂ ಕೇಳುವಂತೆ, “ನಾ ಕ್ಷಮಾ ಕೇಳಿದ್ದೆವ್ವಾ. ನಿಮ್ಮವ್ವನ ಮನಸು ಕರಗಲಿಲ್ಲ,” ಎಂದಿದ್ದ. ದೀಪಾಲಿ ಅವನನ್ನು ಒಂದು ಗಳಿಗೆ ನೋಡಿ ಒಳಗೆ ಹೋಗಿಬಿಟ್ಟಿದ್ದಳು.

ಈಗ ಅಕ್ಕನ ಸಾಲನ್ನು ಆರಿಸಿ ಅಳಿಸುವ ಗುಂಡಿ ಒತ್ತಿದ. ಪರದೆ ಪ್ರಶ್ನೆ ಕೇಳಿತು: ‘ಈ ಸಾಲಿಗೆ ಆರು ಉತ್ತರಗಳು ಜೋಡಿಸಲ್ಪಟ್ಟಿವೆ. ಅವನ್ನೂ ಅಳಿಸಬೇಕೆ?’

“ಆರ ಉತ್ತರ? ಯಾರ ಉತ್ತರ ಇವು?”

ಮಯೂರಿ ಬಗ್ಗಿ ನೋಡಿದಳು. “ಮಾವಾರ, ಮೆಸೇಜ್ ಹೋಗೂ ನಂಬರ ಯಾರ ಮೊಬೈಲಿನಾಗೂ ಇಲ್ಲಲ್ರಿ. ಯಾರರ ತಿರುಗಿ ಬರದ್ರ ಅದು ಈ ಪಟ್ಟಿಗೇ ಬಂದ ಬೀಳತೈತಿ. ಗುಳಿಗಿ ಪಟ್ಟಿದ ನಾ ದಿನಾ ನೋಡತೇನಿ. ಇದರಾಗ ಉತ್ತರದ ಕಾಲಂ ನೀವು ಮುಚ್ಚಿಟ್ಟೀರಿ.”

ಹೌದು, ಅವನೇ ಮುಚ್ಚಿಟ್ಟಿದ್ದ. ಪಟ್ಟಿ ಅಗಲವಾಗಿ ಪರದೆಯಲ್ಲಿ ಹಿಡಿಸುತ್ತಿರಲಿಲ್ಲ. ಆ ಕಾಲಂ ತೆರೆದ.

‘ಶ್ರೀಪ್ಯಾ, ನಿನ್ನ ಕ್ಷಮಾ ಬಂತು. ನಂದೂ ತಪ್ಪೈತಿ. ಮಂದಿ ಮುಂದ ಅನಬಾರದ್ದ ಅಂದ್ನಿ. ಒಮ್ಮಿ ಊಟಕ್ಕ ಬಾ.’ ಅದೇ ದಿನ, ಎಂಟು ಗಂಟೆ ಹತ್ತು ನಿಮಿಷ. ಸಂದೇಶ ಹೋಗಿ ಹತ್ತೇ ನಿಮಿಷ.

‘ಕಡಬು ಮಾಡೇನಿ. ನಾಳಿ ಬರ್ತೀ ಏನು?’

‘ಬಸ್ಸಿಗೆ ಬರಬ್ಯಾಡ, ಸೊಂಟ ನೋಯತೈತಿ ನಿಂದು. ಗಾಡಿ ಮಾಡ್ಕೊಂಡ ಬಾ.’

‘ಡಾಕ್ಟರು ಏನೋ ಗಂಟು ಐತಿ ಅಂತಾರ. ಅಂಜಬ್ಯಾಡ. ಒಮ್ಮಿ ಬಂದ ಹೋಗು.’

‘ಸಿಟ್ಟ ಇನ್ನೂ ಹೋಗಿಲ್ಲೇನೋ?’

ಕೊನೆಯದು ಡಿಸೆಂಬರಿನದು. ‘ಹೊತ್ತ ಮುಳುಗಿತು. ಇವತ್ತೂ ಬರಲಿಲ್ಲ ನೀ.’

ಒಂದೊಂದು ಉತ್ತರದ ಕೆಳಗೂ, ಅದೇ ನಿಮಿಷಕ್ಕೆ, ಅಂಗಡಿಯ ಹೆಸರಿನಲ್ಲಿ ಹೋದ ಮರುಮಾತಿತ್ತು. ಗುಳಿಗೆಯ ಗಿರಾಕಿಗಳಿಗೆಂದು ಅವನೇ ಬರೆದಿಟ್ಟದ್ದು, ನಕಲಿನ ಜೊತೆ ಬಂದುಬಿಟ್ಟಿತ್ತು: ‘ನಿಮ್ಮ ಸಂದೇಶ ಮುಟ್ಟಿದೆ. ಧನ್ಯವಾದಗಳು.’ ಆರು ಸಲ.

ಶ್ರೀಪಾಲ ಎದ್ದ. ಚಪ್ಪಲಿ ಮೆಟ್ಟಿದ. “ಎಲ್ಲಿಗ್ರಿ?” ಎಂದಳು ಮಯೂರಿ.

“ಖಾನಾಪುರಕ್ಕ. ನಾಳಿಂದು ಬಂದ್ ಮಾಡವ್ವಾ. ಯಾರಿಗೂ ಏನೂ ಕಳಸಬ್ಯಾಡ.”

ಬಸ್ಸಿನಲ್ಲಿ ಒಂದು ತಾಸು ಕೂಡ ಹಿಡಿಯಲಿಲ್ಲ. ಇಷ್ಟೇ ದೂರ. ಆರು ವರ್ಷ ಆರು ಸಾವಿರ ಮೈಲಿ ಮಾಡಿಕೊಂಡು ಕೂತಿದ್ದ ಹಾದಿ ಇಷ್ಟೇ. ಓಣಿಯ ತಿರುವಿನಲ್ಲಿ ಪಕ್ಕದ ಮನೆಯ ಮುದುಕಿ ಅವನನ್ನು ದಿಟ್ಟಿಸಿ, “ಕಾಂತಾಬಾಯೀಚೆ ಭಾವೂ ಕಾ ತುಮ್ಹಿ?” ಎಂದು ಮರಾಠಿಯಲ್ಲಿ ಕೇಳಿದಳು. ಹೌದು, ತಮ್ಮನೇ ಎಂದ. “ಫಾರ್ ವಾಟ್ ಪಾಹಿಲೀ ತಿನೇ,” ಬಹಳ ಹಾದಿ ಕಾದಳು ಎಂದು ಹೇಳಿ ಮುದುಕಿ ಒಳಗೆ ಹೋದಳು.

ದೀಪಾಲಿ ಬಾಗಿಲಲ್ಲೇ ನಿಂತಳು. ಶ್ರೀಪಾಲ ಮೊಬೈಲು ತೆಗೆದು ತೋರಿಸಿದ.

“ನಾ ಇವತ್ತ ಓದಿದ್ನಿ, ದೀಪಾ. ಖರೇನ, ಇವತ್ತ. ಮುಟ್ಟೈತಿ ಅಂತ ಮಶೀನ ಬರದೈತಿ, ನಾ ಅಲ್ಲ.”

ಅವಳು ಮೊಬೈಲು ಇಸಿದುಕೊಂಡು ಒಂದೊಂದೇ ಸಾಲು ಓದಿದಳು. ಆಮೇಲೆ ಕಟ್ಟೆಯ ಮೇಲೆ ಕುಳಿತಳು.

“ನಾ ಅಂದ್ನಿ, ಮಾಮಾ. ಮಾಮಾನ ಖಾಸ ನಂಬರಿಗೆ ಫೋನ್ ಹಚ್ಚತೇನಿ ಅಂದ್ನಿ. ಅವ್ವ ಬಿಡಲಿಲ್ಲ. ಮುಟ್ಟೈತಿ ಅಂತ ಬರದಾನಲ್ಲ, ಬರಾವಿದ್ರ ಬರತಾನ, ಬಡಕೊಂಡ ಕರೀಬಾರದು ಅಂದ್ಳು.”

“ಏನ ಅಂತ ತಿಳಕೊಂಡ ಹೋದ್ಳು ಆಕಿ?”

ದೀಪಾಲಿ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಓದ್ಯಾನ, ಧನ್ಯವಾದ ಅಂದಾನ, ಅಂದ್ರ ಬರಾಂಗಿಲ್ಲ ಅಂದಂಗ ಅಂದ್ಳು. ಆದ್ರೂ ದಿನಾ ಸಂಜಿಕ ಇಲ್ಲೇ ಕುಂದರತಿದ್ಳು. ಹೊತ್ತ ಮುಳುಗಿದ ಮ್ಯಾಲ ನಾವು ಉಣ್ಣಂಗಿಲ್ಲ, ನಿಮಗ ಗೊತ್ತೈತಿ. ಐದರ ಬಸ್ಸಿಗೆ ಬಂದ್ರ ಕೂಡೇ ಉಣ್ಣೂಣು ಅಂತ ತಾಟ ಮುಂದ ಇಟಗೊಂಡ ಕುಂದ್ರಾಕಿ. ಬೆಳಕ ಹೋಗೂದು, ಹಂಗ ಮುಚ್ಚಿಡಾಕಿ. ಎಷ್ಟ ದಿನಾ ಉಪಾಸ ಮಲಗ್ಯಾಳಂತ ನಾ ಎಣಿಸಲಿಲ್ಲ.”

ಶ್ರೀಪಾಲ ಎರಡೂ ಕೈ ಜೋಡಿಸಿದ. ಅರವತ್ತೆರಡು ವರ್ಷದ ಗಂಡಸು, ಸೋದರ ಸೊಸೆಯ ಮುಂದೆ ಬಿಕ್ಕಿಬಿಕ್ಕಿ ಅತ್ತ. “ಕ್ಷಮಾ ಮಾಡವ್ವಾ,” ಎಂದ.

“ನಾ ಮಾಡೇನಿ, ಮಾಮಾ,” ಎಂದಳು ದೀಪಾಲಿ. “ಆದ್ರ ನಂದು ಆಕಿದು ಆಗತೈತೇನು?”

ಅವಳು ಎದ್ದು ಒಳಗೆ ಹೋದಳು. ಬರುವಾಗ ಸ್ಟೀಲಿನ ತಾಟಿನಲ್ಲಿ ಎರಡು ರೊಟ್ಟಿ, ಹೆಸರುಕಾಳಿನ ಪಲ್ಯ, ಒಂದು ಲೋಟ ನೀರು ತಂದು ಕಟ್ಟೆಯ ಮೇಲಿಟ್ಟಳು.

“ಉಣ್ರಿ. ಇನ್ನ ಸ್ವಲ್ಪ ಹೊತ್ತೈತಿ.”

ಶ್ರೀಪಾಲ ರೊಟ್ಟಿಯ ಒಂದು ಚೂರು ಮುರಿದು ಕೈಯಲ್ಲಿ ಹಿಡಿದ. ಓಣಿಯ ತಿರುವು ಅಲ್ಲಿಂದ ನೇರ ಕಾಣುತ್ತಿತ್ತು. ಬೆಳಗಾವಿಯ ಬಸ್ಸು ಇಳಿದ ಇಬ್ಬರು ಹೆಂಗಸರು ಚೀಲ ಹಿಡಿದು ಬಂದು ಮುಂದಿನ ಮನೆಗೆ ಹೋದರು. ಗೋಡೆಯ ಮೇಲಿದ್ದ ಬಿಸಿಲು ಕಟ್ಟೆಗೆ ಇಳಿಯಿತು, ತಾಟಿನ ಅಂಚಿನಲ್ಲಿ ಒಂದಿಷ್ಟು ಹೊತ್ತು ನಿಂತಿತು. ದೀಪಾಲಿ ಬಾಗಿಲಿಗೆ ಒರಗಿಕೊಂಡು ನೋಡುತ್ತಿದ್ದಳು.

ಬೆಳಕು ಹೋಯಿತು. ಅವನು ಕೈಯಲ್ಲಿದ್ದ ಚೂರನ್ನು ತಾಟಿನಲ್ಲಿಟ್ಟ. ದೀಪಾಲಿ ಒಳಗಿನಿಂದ ಇನ್ನೊಂದು ತಾಟು ತಂದು ಕೊಟ್ಟಳು. ಅದನ್ನು ಮೇಲೆ ಮುಚ್ಚಿಟ್ಟು, ತಿರುವಿನ ಕಡೆ ನೋಡುತ್ತ ಅಲ್ಲೇ ಕುಳಿತ.